ಪಾಟೀಚೀಲ ತೂಗಿದ ವರ್ಷ

ಬ್ಯಾಡಗಿಯಲ್ಲಿ ತೂಕದ ಕಾಟಾ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮೆಣಸಿನಕಾಯಿ ದಲಾಲರ ಅಂಗಡಿಯೊಂದರಿಂದ ಕೊಕ್ಕೆಯಿರುವ ಸಣ್ಣ ಕಾಟಾ ಒಂದನ್ನು ಎರಡು ದಿನಕ್ಕೆಂದು ಕೇಳಿ ತಂದೆ. ಕೊಕ್ಕೆಗೆ ಘಾಟು ಅಂಟಿಕೊಂಡಿತ್ತು. ನಮ್ಮ ಆರನೆಯ ತರಗತಿಯ ಮೊದಲ ಬೆಂಚಿನವರೆಲ್ಲ ಸೀನಿದರು. ಅದೇ ಕೊಕ್ಕೆಗೆ ಮೂವತ್ತೆಂಟು ಪಾಟೀಚೀಲಗಳನ್ನು ಒಂದೊಂದಾಗಿ ನೇತುಹಾಕಿದೆ. ಚೀಲದೊಳಗಿನ ಪಾಟಿ, ಅಂದರೆ ಸ್ಲೇಟು, ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ನಮ್ಮ ಕಡೆ ಉಳಿದಿದೆ.

ತೂಗುವ ಯೋಚನೆ ಬಂದದ್ದು ಒಬ್ಬ ಹುಡುಗಿಯಿಂದ. ಮೆಟ್ಟಿಲು ಹತ್ತುವಾಗ ಅವಳ ಚೀಲವನ್ನು ಹಿಂದಿನಿಂದ ಯಾರೋ ತಮಾಷೆಗೆ ಜಗ್ಗಿದರು. ಅವಳು ಹಿಂದಕ್ಕೆ ವಾಲಿದಳು. ಹಿಂದೆಯೇ ಬರುತ್ತಿದ್ದ ನಾನು ಹಿಡಿದುಕೊಂಡೆ, ಆದರೆ ನನ್ನ ಕೈಗೆ ಬಂದ ಭಾರ ಅವಳದಾಗಿರಲಿಲ್ಲ, ಚೀಲದ್ದಾಗಿತ್ತು. ಮರುದಿನ ತೂಗಿದರೆ ಹುಡುಗಿ 27 ಕಿಲೋ, ಚೀಲ 6 ಕಿಲೋ 300 ಗ್ರಾಂ.

ಆರರಿಂದ ಎಂಟನೆಯ ತರಗತಿಯವರೆಗೆ ಚೀಲ 3ರಿಂದ 4 ಕಿಲೋ ಮಾತ್ರ ಇರಬೇಕು, ಮಗುವಿನ ತೂಕದ ಹತ್ತನೆಯ ಒಂದು ಪಾಲು ಮೀರಬಾರದು ಎಂದು ರಾಜ್ಯ ಸರ್ಕಾರ 2019ರಲ್ಲೇ ಸುತ್ತೋಲೆ ಹೊರಡಿಸಿದೆ. ಒಂದು, ಎರಡನೆಯ ತರಗತಿಗೆ ಒಂದೂವರೆಯಿಂದ 2 ಕಿಲೋ. ಆ ಸುತ್ತೋಲೆ ನಮ್ಮ ಕಚೇರಿಯ ಫೈಲಿನಲ್ಲಿ ಇತ್ತು. ಓದಿದ್ದೇನೆ ಎಂದು ಸಹಿ ಮಾಡಿದವರಲ್ಲಿ ನಾನೂ ಒಬ್ಬಳು.

ತಪ್ಪು ಪಠ್ಯಪುಸ್ತಕಗಳದ್ದು ಎಂದೇ ನಾವೆಲ್ಲ ನಂಬಿದ್ದೆವು. ಆ ಹುಡುಗಿಯ ಚೀಲವನ್ನು ಮೇಜಿನ ಮೇಲೆ ಸುರಿದು ಬೇರೆ ಬೇರೆಯಾಗಿ ತೂಗಿದಾಗ ಲೆಕ್ಕ ತಿರುಗುಮುರುಗಾಯಿತು. ಪಠ್ಯಪುಸ್ತಕ 1 ಕಿಲೋ 600 ಗ್ರಾಂ. ನೋಟ್‌ಬುಕ್ 2 ಕಿಲೋ 600. ನೀರಿನ ಬಾಟಲಿ 1 ಕಿಲೋ 100. ನಮ್ಮದು ಅನುದಾನರಹಿತ ಶಾಲೆ, ಬಿಸಿಯೂಟವಿಲ್ಲ, ಹಾಗಾಗಿ ಬುತ್ತಿ ಡಬ್ಬಿ 400. ಬರಿದಾದ ಚೀಲವೇ 600. ಇದರ ಜೊತೆಗೆ ಆಣೆಕಲ್ಲು ಆಡುವ ಐದು ಹರಳು ಇದ್ದವು. ಅವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಕಸಿದುಕೊಳ್ಳಲೂ ಇಲ್ಲ.

ಆ ನೋಟ್‌ಬುಕ್‌ಗಳನ್ನು ತರಿಸಿದವರು ಯಾರು? ನಾವೇ. ಆರು ವಿಷಯ, ಪ್ರತಿ ವಿಷಯಕ್ಕೆ ತರಗತಿಯದೊಂದು, ಮನೆಗೆಲಸದ್ದೊಂದು, ಎಲ್ಲವೂ 200 ಪುಟದವು. ನನ್ನ ಕನ್ನಡದ ಮನೆಗೆಲಸದ ಪುಸ್ತಕ ವರ್ಷದ ಕೊನೆಗೂ ಅರ್ಧ ತುಂಬುತ್ತಿರಲಿಲ್ಲ. ಖಾಲಿ ಹಾಳೆಗಳನ್ನು ಮಕ್ಕಳು ಹತ್ತು ತಿಂಗಳು ಹೊತ್ತು ತಿರುಗುತ್ತಿದ್ದರು.

ಮೊದಲು ಮಾಡಿದ್ದು ಸುಲಭದ ಉಪಾಯ: ತರಗತಿಯಲ್ಲೇ ಒಂದು ರ‍್ಯಾಕ್ ಇಟ್ಟು ಪುಸ್ತಕಗಳನ್ನು ಅಲ್ಲೇ ಬಿಡಿಸುವುದು. ಮೂರು ವಾರ ಚೆನ್ನಾಗಿ ನಡೆಯಿತು. ದಸರಾ ರಜೆ ಮುಗಿಸಿ ಬಂದರೆ ಕೆಳಗಿನ ಸಾಲಿಗೆ ಗೆದ್ದಲು ಹತ್ತಿತ್ತು. ಹನ್ನೊಂದು ಮಕ್ಕಳ ಸಮಾಜ ವಿಜ್ಞಾನ ಹಾಳಾಯಿತು, ಪುಸ್ತಕದ ಹಣವನ್ನು ನಾನೇ ಕೊಟ್ಟೆ. ಅದರ ನಂತರ, ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಪಠ್ಯಪುಸ್ತಕಗಳನ್ನು ಹಂಚಿಕೊಂಡು ತರಲಿ ಎಂದೆ. ಒಬ್ಬ ಜಾತ್ರೆಗೆ ಹೋದರೆ ಇನ್ನೊಬ್ಬನಿಗೆ ಗಣಿತವೇ ಇಲ್ಲ. ಬೆಂಚಿನ ಜಗಳಗಳನ್ನು ಬಿಡಿಸುವುದೇ ನನ್ನ ಕೆಲಸವಾಯಿತು. ಒಂದು ವಾರಕ್ಕೆ ಕೈಬಿಟ್ಟೆ.

ನಿಜವಾಗಿ ಕೆಲಸ ಮಾಡಿದ್ದು ವೇಳಾಪಟ್ಟಿ. ದಿನಕ್ಕೆ ಆರೂ ವಿಷಯ ಬರಲೇಬೇಕೆಂಬ ನಿಯಮವೇನೂ ಇರಲಿಲ್ಲ, ರೂಢಿ ಇತ್ತು ಅಷ್ಟೇ. ಎರಡು ಅವಧಿಗಳನ್ನು ಜೋಡಿಸಿ, ದಿನಕ್ಕೆ ನಾಲ್ಕೇ ವಿಷಯ ಬರುವಂತೆ ಬರೆದುಕೊಂಡು ಮುಖ್ಯೋಪಾಧ್ಯಾಯರ ಮುಂದಿಟ್ಟೆ. ಅವರು ಒಪ್ಪಿದರು; ಗಣಿತದ ಶಿಕ್ಷಕರು ಒಪ್ಪಲಿಲ್ಲ. ಗಣಿತವನ್ನು ದಿನ ಬಿಟ್ಟರೆ ಕೈ ತಪ್ಪುತ್ತದೆ ಎಂಬುದು ಅವರ ವಾದ. ಅವರ ಮಾತಿನಲ್ಲಿ ಹುರುಳಿದೆ ಎಂದು ನನಗೂ ಅನ್ನಿಸಿತು. ಗಣಿತ ದಿನವೂ ಉಳಿಯಿತು, ಉಳಿದ ಐದು ಸರದಿಯಲ್ಲಿ ಬಂದವು. ಹೀಗೆ ಪಟ್ಟಿ ಸರಿಹೋಗಲು ನಾಲ್ಕು ಸಲ ಅಳಿಸಿ ಬರೆಯಬೇಕಾಯಿತು.

ನೋಟ್‌ಬುಕ್ ಮಾತ್ರ ನಡುವರ್ಷದಲ್ಲಿ ಬದಲಾಗುವ ವಸ್ತುವಲ್ಲ. ತಂದೆತಾಯಂದಿರು ಜೂನ್‌ನಲ್ಲೇ ಡಜನ್‌ಗಟ್ಟಲೆ ಕೊಂಡಿರುತ್ತಾರೆ. ಇದನ್ನು ಮಾಡಬಯಸುವ ಶಿಕ್ಷಕರು ಏಪ್ರಿಲ್‌ನಲ್ಲಿ, ಅಂಗಡಿಗೆ ಹೋಗುವ ಪಟ್ಟಿ ಅಚ್ಚಾಗುವ ಮೊದಲೇ ಕೈಹಾಕಬೇಕು. ಮುಂದಿನ ಜೂನ್‌ನ ನಮ್ಮ ಪಟ್ಟಿಯಲ್ಲಿ ವಿಷಯಕ್ಕೊಂದೇ 100 ಪುಟದ ಪುಸ್ತಕ ಇತ್ತು, ಮುಗಿದ ಮೇಲೆ ಇನ್ನೊಂದು. ಎಲ್ಲ ವಿಷಯದ ಮನೆಗೆಲಸಕ್ಕೂ ಸೇರಿ ಒಂದು. ತಿದ್ದುವಾಗ ನಾವು ಒಬ್ಬರ ಕೈಯಿಂದ ಇನ್ನೊಬ್ಬರು ಅದನ್ನು ಕಸಿಯುವಂತಾಯಿತು. ಆದರೆ ಇದರಿಂದ ಅನಿರೀಕ್ಷಿತ ಲಾಭವೂ ಆಯಿತು: ಒಂದೇ ದಿನ ಎಷ್ಟು ಜನ ಎಷ್ಟು ಮನೆಗೆಲಸ ಕೊಟ್ಟಿದ್ದೇವೆ ಎಂಬುದು ಮೊದಲ ಬಾರಿಗೆ ನಮ್ಮ ಕಣ್ಣಿಗೇ ಬಿತ್ತು.

ನೀರಿನದು ಹೆಚ್ಚು ಕಷ್ಟವಾಗಲಿಲ್ಲ. ಕೆಟ್ಟು ಕೂತಿದ್ದ ಫಿಲ್ಟರ್ ದುರಸ್ತಿಯಾಯಿತು, ಮಕ್ಕಳು ಖಾಲಿ ಬಾಟಲಿ ತಂದು ತುಂಬಿಸಿಕೊಳ್ಳತೊಡಗಿದರು. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಅದಕ್ಕಿಂತ ಅಗ್ಗದ ಇಳಿಕೆ ಬೇರೆಲ್ಲೂ ಸಿಗಲಿಲ್ಲ.

ಪಾಲಕರ ಸಭೆಯಲ್ಲಿ ಮಾತ್ರ ಬೈಸಿಕೊಂಡೆ. "ಪುಸ್ತಕ ಕಡಿಮೆಯಾದರೆ ಓದು ಕಡಿಮೆಯಾದಂತಲ್ಲವೇ ಅಕ್ಕೋರೇ?" ಎಂದು ಒಬ್ಬ ತಾಯಿ ಕೇಳಿದರು. ನಾನು ಉತ್ತರ ಹುಡುಕುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಮಾಡುವವರು. ಮಾತಾಡಲಿಲ್ಲ, ಮಗನ ಚೀಲವನ್ನು ಅವನ ಬೆನ್ನಿಗೇರಿಸಿ ಎಲ್ಲರಿಗೂ ಕಾಣುವಂತೆ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದರು. ಪಟ್ಟಿಗಳು ಸಡಿಲ, ಚೀಲ ಕುಂಡಿಯ ಮೇಲೆ ಜೋತಾಡುತ್ತಿತ್ತು, ಹುಡುಗ ಅದನ್ನು ಸರಿದೂಗಿಸಲು ಕತ್ತು ಮುಂದೆ ಚಾಚಿದ್ದ.

"ಹೀಗೆ ಹೊತ್ತರೆ ನಮ್ಮಂಥವರಿಗೂ ಸಂಜೆಯೊಳಗೆ ನಡ ಹಿಡಿಯುತ್ತದೆ ಅಕ್ಕೋರೇ," ಎಂದರು. ಆಮೇಲೆ ಎರಡೂ ಪಟ್ಟಿ ಎಳೆದು ಬಿಗಿದರು. ಹೊರಗಿನ ಖಾನೆಯಲ್ಲಿದ್ದ ದಪ್ಪ ಪುಸ್ತಕಗಳನ್ನು ತೆಗೆದು ಬೆನ್ನಿಗೆ ಹತ್ತುವ ಖಾನೆಗೆ ಹಾಕಿದರು, ಡಬ್ಬಿಯನ್ನು ಹೊರಗಿನ ಖಾನೆಯಲ್ಲಿಟ್ಟರು. ಚೀಲ ಮೇಲೇರಿ ಬೆನ್ನಿಗೆ ಅಂಟಿತು. ಒಂದು ಗ್ರಾಂ ಕೂಡ ಕಡಿಮೆಯಾಗಿರಲಿಲ್ಲ, ಹುಡುಗನ ಕತ್ತು ಮಾತ್ರ ನೆಟ್ಟಗಾಯಿತು. ಭಾರ ಮೈಗೆ ಹತ್ತಿರವಿದ್ದಷ್ಟೂ ಬೆನ್ನಿಗೆ ಸುಲಭ ಎಂದು ನಾನು ಹತ್ತು ನಿಮಿಷ ಭಾಷಣ ಮಾಡಬೇಕೆಂದಿದ್ದೆ, ಬೇಕಾಗಲಿಲ್ಲ. ಪ್ರಶ್ನೆ ಕೇಳಿದ ತಾಯಿ ಸಭೆ ಮುಗಿಯುವ ಮೊದಲೇ ತಮ್ಮ ಮಗಳ ಚೀಲದ ಪಟ್ಟಿ ಎಳೆಯುತ್ತಿದ್ದರು.

ಅಂದಿನಿಂದ ಸೋಮವಾರ ಪ್ರಾರ್ಥನೆಯ ನಂತರ ಮಕ್ಕಳೇ ಪಕ್ಕದವರ ಪಟ್ಟಿ ನೋಡುತ್ತಾರೆ. ಚೀಲದ ತಳ ನಡದಿಂದ ನಾಲ್ಕು ಬೆರಳಿಗಿಂತ ಕೆಳಗಿಳಿಯಬಾರದು, ಒಂದೇ ಹೆಗಲಿಗೆ ಜೋತುಹಾಕಬಾರದು. ದೊಡ್ಡ ಹುಡುಗರಿಗೆ ಒಂದೇ ಹೆಗಲೇ ಷೋಕಿ. ಅವರ ಮೇಲೆ ನನ್ನ ಮಾತು ಈಗಲೂ ಅಷ್ಟಾಗಿ ನಡೆಯುವುದಿಲ್ಲ.

ತಿಂಗಳ ಮೂರನೆಯ ಶನಿವಾರ ಚೀಲವೇ ಬೇಡವೆಂದು ಸರ್ಕಾರ ಸಂಭ್ರಮ ಶನಿವಾರ ತಂದಿದೆ. ಮಕ್ಕಳಿಗೆ ಅದು ಹಬ್ಬವೇ. ಆದರೆ ಒಂದು ದಿನ ಇಳಿಸಿದ ಭಾರವನ್ನು ಸೋಮವಾರ ಹಾಗೆಯೇ ಏರಿಸುವುದಾದರೆ ಬೆನ್ನಿಗೆ ಏನು ಸಿಕ್ಕಂತಾಯಿತು?

ಆ ಹುಡುಗಿ ಈಗ ಏಳನೆಯ ತರಗತಿ, ತೂಕ 30 ಕಿಲೋ. ಹೋದ ವಾರ ಅವಳ ಚೀಲ 2 ಕಿಲೋ 800 ತೂಗಿತು. ಶಾಲೆಯಿಂದ ನೇರವಾಗಿ ಟ್ಯೂಷನ್‌ಗೆ ಹೋಗುವ ಎಂಟು ಮಕ್ಕಳದು ಇನ್ನೂ ನಾಲ್ಕೂವರೆ ದಾಟುತ್ತದೆ, ಏಕೆಂದರೆ ಅಲ್ಲಿ ಎಲ್ಲ ವಿಷಯಕ್ಕೂ ಬೇರೆಯೇ 200 ಪುಟದ ನೋಟ್‌ಬುಕ್. ಟ್ಯೂಷನ್ ಮಾಸ್ತರರನ್ನು ಒಮ್ಮೆ ಕಂಡು ಬಂದಿದ್ದೇನೆ; ಚಹಾ ಕೊಟ್ಟರು, ಮಾತು ಕೊಡಲಿಲ್ಲ. ಮತ್ತೆ ಹೋಗುವಾಗ ಕಾಟಾ ಜೊತೆಗೆ ಒಯ್ಯಬೇಕೆಂದಿದ್ದೇನೆ. ಎರಡು ದಿನಕ್ಕೆಂದು ತಂದದ್ದು ಇನ್ನೂ ನಮ್ಮ ತರಗತಿಯ ಕಿಟಕಿಯಲ್ಲೇ ತೂಗಾಡುತ್ತಿದೆ.