ಕ್ಯಾರವಾನ್‌ಗೆ ಎಕ್ಸ್‌ಟೆಂಡೆಡ್ ವಾರಂಟಿ: ಕೆಳಗಿನದಕ್ಕೆ ತಗೊಂಡೆ, ಮೇಲಿನದಕ್ಕೆ ಬಿಟ್ಟೆ

ಕ್ಯಾರವಾನ್ ನೋಡೋಕೆ ಒಂದೇ ಗಾಡಿ. ವಾರಂಟಿ ಲೆಕ್ಕದಲ್ಲಿ ಎರಡು. ಕೆಳಗಿನದು ಓಡುವ ಗಾಡಿ: ಎಂಜಿನ್, ಗೇರ್‌ಬಾಕ್ಸ್, ಸ್ಟೀರಿಂಗ್, ಬ್ರೇಕ್. ಅದನ್ನು ಮಾಡಿದ್ದು ವ್ಯಾನ್ ಕಂಪನಿ. ಮೇಲಿನದು ಮನೆ: ಹಾಸಿಗೆ, ಫ್ರಿಜ್, ಸಿಂಕ್, ನೀರಿನ ಪಂಪ್, ಟಾಯ್ಲೆಟ್, ಇನ್ವರ್ಟರ್, ಟಾಪ್ ಮೇಲಿನ ಸೋಲಾರ್ ಪ್ಯಾನೆಲ್. ಅದನ್ನು ಕೂರಿಸಿದ್ದು ಬಾಡಿ ಬಿಲ್ಡರ್. ಏನಾದರೂ ಕೆಟ್ಟರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಹಾಗಾಗಿ ಎಕ್ಸ್‌ಟೆಂಡೆಡ್ ವಾರಂಟಿ ತಗೋಬೇಕಾ ಬೇಡವಾ ಅಂತ ಯಾರಾದರೂ ಕೇಳಿದರೆ, ಯಾವ ಗಾಡಿಗೆ ಅಂತ ನಾನು ತಿರುಗಿ ಕೇಳುತ್ತೇನೆ.

ನನ್ನದು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಸಣ್ಣ ಲೇಥ್ ವರ್ಕ್‌ಶಾಪ್. ಕ್ಯಾರವಾನ್ ಇರೋದು ನಮ್ಮ ಮನೆಯವರ ಓಡಾಟಕ್ಕೆ, ಬಾಡಿಗೆಗೆ ಕೊಡಲ್ಲ. ಬಾದಾಮಿ, ಕೂಡಲಸಂಗಮ, ಪಂಢರಪುರ, ಮಳೆಗಾಲ ಕಳೆದ ಮೇಲೆ ಚೋರ್ಲಾ ಘಾಟ್ ಇಳಿದು ಗೋವಾ. ಉಳಿದ ದಿನ ಶೆಡ್ಡಿನಲ್ಲಿ ನಿಂತಿರುತ್ತದೆ. ಮೂಲ ವಾರಂಟಿ ಮುಗಿಯುವ ಹೊತ್ತಿಗೆ ಎರಡೂ ಕಡೆಯಿಂದ ಫೋನ್ ಬರಲು ಶುರುವಾಯಿತು. ಶೋರೂಮಿನವರು ಓಡುವ ಭಾಗಕ್ಕೆ ಇನ್ನೆರಡು ವರ್ಷಕ್ಕೆ 38,000 ರೂಪಾಯಿ ಹೇಳಿದರು. ಬೆಂಗಳೂರಿನ ಬಾಡಿ ಬಿಲ್ಡರ್ ಮನೆ ಭಾಗಕ್ಕೆ 65,000 ಅಂದರು. ಎರಡಕ್ಕೂ 18% ಜಿಎಸ್‌ಟಿ ಬೇರೆ. ಸೇರಿಸಿದರೆ 44,840 ಮತ್ತು 76,700. ಫೋನಿನಲ್ಲಿ ಈ ಜಿಎಸ್‌ಟಿ ಮಾತು ನಾವೇ ಕೇಳುವವರೆಗೂ ಬರಲಿಲ್ಲ.

"ಇನ್ಶೂರೆನ್ಸ್ ಫುಲ್ ಮಾಡ್ಸೇವಲ್ರೀ, ಮತ್ತ ಇದ್ಯಾಕ?" ಅಂತ ನನ್ನ ಹೆಂಡತಿ ಕೇಳಿದಳು. ಬಹಳ ಜನ ಇಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಇನ್ಶೂರೆನ್ಸ್ ಇರೋದು ಅಪಘಾತ, ಕಳ್ಳತನ, ಬೆಂಕಿ, ನೆರೆ ಇಂಥದ್ದಕ್ಕೆ. ಗಾಡಿ ತಾನಾಗಿ ಕೆಟ್ಟರೆ ಅದಕ್ಕೆ ಸಂಬಂಧವಿಲ್ಲ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಬ್ರೇಕ್‌ಡೌನ್ ಮತ್ತು ಸವೆತವನ್ನು ಪಾಲಿಸಿಯಲ್ಲೇ ಹೊರಗಿಟ್ಟಿರುತ್ತಾರೆ. ಎಂಜಿನ್ ಪ್ರೊಟೆಕ್ಟ್ ಅನ್ನುವ ಆ್ಯಡ್-ಆನ್ ಕೂಡ ಮುಖ್ಯವಾಗಿ ಎಂಜಿನ್‌ಗೆ ನೀರು ಹೊಕ್ಕಾಗ, ಆಯಿಲ್ ಸೋರಿ ಎಂಜಿನ್ ಕೆಟ್ಟಾಗ ಕೆಲಸಕ್ಕೆ ಬರುವಂಥದ್ದು. ಇದೇ ನೆಪದಲ್ಲಿ ಪಾಲಿಸಿ ತೆಗೆದು ಇನ್ನೊಂದು ವಿಷಯ ನೋಡಿಕೊಳ್ಳಿ. ಆಮೇಲೆ ಕೂರಿಸಿದ ಫ್ರಿಜ್, ಇನ್ವರ್ಟರ್, ಸೋಲಾರ್ ಇವನ್ನು ಬೆಲೆ ಸಮೇತ ಬರೆಸಿರಬೇಕು. ಹೀಗೆ ಬರೆಸುವ ಷರತ್ತಿನ ಹೆಸರು ಐಎಂಟಿ 24, ಹಾಗಂದರೆ ಏಜೆಂಟರಿಗೆ ಗೊತ್ತಾಗುತ್ತದೆ. ಬರೆಸದಿದ್ದರೆ ಅಪಘಾತದಲ್ಲಿ ಒಡೆದರೂ ಅವುಗಳ ದುಡ್ಡು ಸಿಗಲ್ಲ.

ಓಡುವ ಭಾಗದ ಬಗ್ಗೆ ನಾನು ಜಾಸ್ತಿ ಯೋಚನೆ ಮಾಡಲಿಲ್ಲ. ಹಳೇ ಡೀಸೆಲ್ ಎಂಜಿನ್ ಆಗಿದ್ದರೆ ಖಂಡಿತ ಬೇಡ ಅನ್ನುತ್ತಿದ್ದೆ. ನಮ್ಮ ಊರಲ್ಲಿ ಫೌಂಡ್ರಿ ಇವೆ, ಲೇಥ್ ಇವೆ, ಕೈ ಪಳಗಿದ ಮೆಕ್ಯಾನಿಕ್‌ಗಳಿದ್ದಾರೆ. ಮುರಿದದ್ದನ್ನು ಅಳತೆ ತಗೊಂಡು ಮಾಡಿಕೊಡುತ್ತಾರೆ. ಆದರೆ 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳ ಕಥೆ ಬೇರೆ. ಕಾಮನ್ ರೈಲ್ ಪಂಪ್, ಇಂಜೆಕ್ಟರ್, ಟರ್ಬೊ, ಹೊಗೆ ಶುದ್ಧ ಮಾಡುವ ಸಾಧನ, ಅದರ ಸೆನ್ಸರ್‌ಗಳು, ಎಲ್ಲದರ ಮೇಲೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಇಂಜೆಕ್ಟರ್ ಒಳಗಿನ ಸಂದು ಕೆಲವೇ ಮೈಕ್ರಾನ್. ನಾನು ದಿನಾ ಮೈಕ್ರೋಮೀಟರ್ ಹಿಡಿಯುವವನು, ಆದರೂ ಆ ಕೆಲಸ ನಮ್ಮ ಶಾಪ್‌ನಲ್ಲಿ ಆಗುವುದಲ್ಲ. ಒಂದು ಸೆನ್ಸರ್ ಕೈಕೊಟ್ಟರೆ ಗಾಡಿ ತಾನೇ ಪವರ್ ಇಳಿಸಿಕೊಳ್ಳುತ್ತದೆ. ಕಂಪನಿ ಸ್ಕ್ಯಾನರ್ ಇಲ್ಲದೆ ಮುಂದೆ ಹೋಗೋಕೆ ಆಗಲ್ಲ. ಇಂಥ ರಿಪೇರಿ ಒಂದು ಬಂದರೂ 44,840 ಸಣ್ಣ ಮೊತ್ತ ಅನಿಸುತ್ತದೆ.

ಪ್ಲಾನ್‌ನಲ್ಲಿ ಏನು ಬರಲ್ಲ ಅನ್ನುವ ಪುಟವನ್ನು ಮಾತ್ರ ಕೂತು ಓದಿದೆ. ಕ್ಲಚ್, ಬ್ರೇಕ್ ಲೈನರ್, ಬೆಲ್ಟ್, ಹೋಸ್, ರಬ್ಬರ್ ಬುಷ್, ಟೈರ್, ಬ್ಯಾಟರಿ, ಬಲ್ಬ್ ಇಲ್ಲ. ಕಲಬೆರಕೆ ಡೀಸೆಲ್‌ನಿಂದ ಇಂಜೆಕ್ಟರ್ ಹೋದರೆ ಇಲ್ಲ. ಇಲಿ ವೈರ್ ಕಡಿದರೆ ಇಲ್ಲ. ಸರ್ವೀಸ್ ತಡವಾದರೆ ಯಾವುದೂ ಇಲ್ಲ. ಕ್ಯಾರವಾನ್ ಇಟ್ಟುಕೊಂಡವರು ಎಡವುವುದು ಈ ಕೊನೆಯದರಲ್ಲಿ. ಗಾಡಿ ಓಡೇ ಇಲ್ಲ, ಸರ್ವೀಸ್ ಯಾಕೆ ಅಂತ ಸುಮ್ನೆ ಬಿಡುತ್ತಾರೆ. ಷರತ್ತಿನಲ್ಲಿ ಇರೋದು ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು. ನಿಂತ ಗಾಡಿಗೂ ತಿಂಗಳು ಓಡುತ್ತಲೇ ಇರುತ್ತದೆ.

ಇನ್ನೊಂದು ಷರತ್ತು ನನ್ನನ್ನು ಕಾಡಿತು. ಕಂಪನಿ ವೈರಿಂಗ್‌ನಲ್ಲಿ ಮಾರ್ಪಾಡು ಮಾಡಿದ್ದರೆ ಕ್ಲೇಮ್ ತಿರಸ್ಕರಿಸಬಹುದು ಅಂತಿತ್ತು. ಕ್ಯಾರವಾನ್ ಅಂದರೇ ಮಾರ್ಪಾಡು, ಅಲ್ವಾ? ಆರ್‌ಸಿ ಸರಿಯಾಗಿದೆ, ಆರ್‌ಟಿಒ ಒಪ್ಪಿಗೆ ಆಗಿದೆ. ಆದರೆ ಅದು ವಾರಂಟಿಗೆ ಉತ್ತರ ಅಲ್ಲ. ಶೋರೂಮಿಗೆ ಹೋಗಿ ಕೇಳಿದೆ.

"ಏನೂ ಆಗಂಗಿಲ್ರಿ ಸರ, ನಾವ ಅದೇವಲ್ರಿ."

"ನೀವು ನಾಳೆ ಬ್ಯಾರೆ ಕಡೆ ಹೋಗ್ಬಹುದು. ಚಾಸಿ ನಂಬರ್ ಹಾಕಿ ಇಮೇಲ್‌ನಾಗ ಬರದ ಕೊಡ್ರಿ."

ಹುಡುಗ ನಕ್ಕ, ಆದರೆ ಮ್ಯಾನೇಜರ್ ಹತ್ತಿರ ಕರೆದುಕೊಂಡು ಹೋದ. ಅವರು ಗಾಡಿ ತರಿಸಿ, ಬಾನೆಟ್ ಎತ್ತಿ, ಎರಡನೇ ಬ್ಯಾಟರಿಗೆ ಬಿಲ್ಡರ್ ಎಲ್ಲಿಂದ ಲೈನ್ ಎಳೆದಿದ್ದಾರೆ ಅಂತ ನೋಡಿದರು. ಕಂಪನಿಯಿಂದ ಬರಹ ಬರಲು ಸಮಯ ಹಿಡಿಯಿತು. ಬಂದ ಉತ್ತರ ಚೊಕ್ಕವಾಗಿತ್ತು: ಆಲ್ಟರ್ನೇಟರ್ ಮತ್ತು ಆ ಲೈನ್ ಸೇರಿದ ಚಾರ್ಜಿಂಗ್ ಭಾಗ ಕವರ್ ಆಗಲ್ಲ, ಎಂಜಿನ್, ಗೇರ್‌ಬಾಕ್ಸ್, ಇಸಿಯು, ಉಳಿದದ್ದು ಆಗುತ್ತದೆ. ಆಲ್ಟರ್ನೇಟರ್ ನಮ್ಮ ಊರಲ್ಲೇ ರಿಪೇರಿ ಆಗುತ್ತದೆ, ಹಾಗಾಗಿ ನನಗೆ ಬೇಸರವಾಗಲಿಲ್ಲ. ಆ ಇಮೇಲ್ ಬಂದ ಮೇಲೆಯೇ ದುಡ್ಡು ಕಟ್ಟಿದೆ. ಮೂಲ ವಾರಂಟಿ ಮುಗಿಯುವುದರೊಳಗೆ ಕಟ್ಟಬೇಕಿತ್ತು, ಅದಕ್ಕೇ ಈ ಓಡಾಟವನ್ನು ಮೊದಲೇ ಶುರು ಮಾಡುವುದು ಒಳ್ಳೆಯದು.

ಮನೆ ಭಾಗಕ್ಕೆ ಬರೋಣ. ಇಲ್ಲಿ ನನ್ನ ಮನಸ್ಸು ಗಟ್ಟಿಯಾದದ್ದು ಬನಶಂಕರಿಯಲ್ಲಿ.

ಬೇಸಿಗೆಯಲ್ಲಿ ಬಾದಾಮಿಗೆ ಹೋದಾಗ ಬನಶಂಕರಿ ಗುಡಿ ಹತ್ತಿರ ಗಾಡಿ ನಿಲ್ಲಿಸಿದ್ದೆವು. ಅಲ್ಲಿ ಅಜ್ಜಿಯರು ಬುಟ್ಟಿಯಲ್ಲಿ ತರುವ ಖಡಕ್ ರೊಟ್ಟಿ, ಕೆಂಪು ಚಟ್ನಿ, ಮೊಸರು ತಿಂದು ಬಂದರೆ ಫ್ರಿಜ್ ಬಂದ್. ಕಂಪ್ರೆಸರ್ ಶುರುವಾಗುತ್ತದೆ, ಒಂದೆರಡು ಸೆಕೆಂಡಿಗೆ ನಿಲ್ಲುತ್ತದೆ, ಮತ್ತೆ ಅದೇ. ಬಿಲ್ಡರ್‌ಗೆ ಫೋನ್ ಮಾಡಿದರೆ "ಕಂಪ್ರೆಸರ್ ಹೋಗಿದೆ, ಗಾಡಿ ತನ್ನಿ" ಅಂದರು. ಮೀಟರ್ ನನ್ನ ಹತ್ತಿರ ಯಾವಾಗಲೂ ಇರುತ್ತದೆ. ಬ್ಯಾಟರಿ ಮೇಲೆ ಹಿಡಿದರೆ 12.4 ವೋಲ್ಟ್. ಫ್ರಿಜ್ ಹಿಂದೆ ಕೈ ತೂರಿಸಿ, ಕಂಪ್ರೆಸರ್ ಎಳೆಯುವ ಹೊತ್ತಿಗೆ ಹಿಡಿದರೆ 10.2. ಇಂಥ 12 ವೋಲ್ಟ್ ಫ್ರಿಜ್‌ಗಳು ಸುಮಾರು 10.4ರ ಕೆಳಗೆ ಇಳಿದರೆ ಬ್ಯಾಟರಿ ಉಳಿಸೋಕೆ ತಾವೇ ಬಂದ್ ಆಗುತ್ತವೆ. ಅಂದರೆ ಫ್ರಿಜ್ ಕೆಟ್ಟಿರಲಿಲ್ಲ, ಅದಕ್ಕೆ ಹೇಳಿದ ಕೆಲಸವನ್ನೇ ಮಾಡುತ್ತಿತ್ತು. ದಾರಿಯಲ್ಲಿ ಎರಡು ವೋಲ್ಟ್ ಎಲ್ಲಿ ಹೋಯಿತು? ಹಿಂದಿನಿಂದ ಮುಂದಿನವರೆಗೆ ಎಳೆದಿದ್ದು 1.5 ಸ್ಕ್ವೇರ್ ಎಂಎಂ ವೈರ್, ಮನೆಯಲ್ಲಿ ಟ್ಯೂಬ್‌ಲೈಟ್‌ಗೆ ಹಾಕುವಂಥದ್ದು. ಫ್ಯೂಸ್ ಹತ್ತಿರ ವೈರ್ ತುದಿಯ ಲಗ್ ಸಡಿಲವಾಗಿ ಕಪ್ಪಾಗಿತ್ತು, ಮುಟ್ಟಿದರೆ ಬಿಸಿ. ಊರಿಗೆ ಬಂದು 6 ಸ್ಕ್ವೇರ್ ಎಂಎಂ ವೈರ್ ಎಳೆದು, ಲಗ್ ಸರಿಯಾಗಿ ಕ್ರಿಂಪ್ ಮಾಡಿಸಿದೆ. ಅವತ್ತಿನಿಂದ ಫ್ರಿಜ್ ತಕರಾರು ಮಾಡಿಲ್ಲ.

ಈಗ ಯೋಚಿಸಿ. ಬಿಲ್ಡರ್ ಪ್ಲಾನ್ ಇದ್ದಿದ್ದರೆ ಏನಾಗುತ್ತಿತ್ತು? ಗಾಡಿಯನ್ನು ಅವರ ವರ್ಕ್‌ಶಾಪ್‌ಗೇ ತರಬೇಕು ಅನ್ನುವುದು ಷರತ್ತು. ಬೆಳಗಾವಿಯಿಂದ ಬೆಂಗಳೂರಿಗೆ ಸುಮಾರು 500 ಕಿಲೋಮೀಟರ್. ಹೋಗಿ ಬರಲು ಸಾವಿರ. ಲೀಟರಿಗೆ ಒಂಬತ್ತು ಸಿಕ್ಕರೂ 110 ಲೀಟರ್ ಡೀಸೆಲ್, ಹೆಚ್ಚುಕಡಿಮೆ ಹತ್ತು ಸಾವಿರ ರೂಪಾಯಿ. ಟೋಲ್ ಬೇರೆ, ಎರಡು ದಿನದ ದಂಧೆ ಬೇರೆ. ನೀರಿನ ಪಂಪ್ ಹೊಸದೇ ತಂದರೂ ಐದಾರು ಸಾವಿರ. ಅದನ್ನು ಫ್ರೀ ಹಾಕಿಸಿಕೊಳ್ಳೋಕೆ ಹತ್ತು ಸಾವಿರ ಸುಡುವುದು ನಾಲ್ಕಾಣೆ ಕೋಳಿಗೆ ಹನ್ನೆರಡಾಣೆ ಮಸಾಲೆ ಅರೆದ ಹಾಗೆ. ಮೇಲಾಗಿ ವೈರಿಂಗ್ ತಪ್ಪು ಅವರದ್ದೇ ಆದರೂ, ಪ್ಲಾನ್‌ನಲ್ಲಿ ಕವರ್ ಆಗೋದು ಕೆಟ್ಟ ಸಾಮಾನು ಮಾತ್ರ, ತೆಳ್ಳನೆ ವೈರ್ ಅಲ್ಲ.

ಕ್ಯಾರವಾನ್‌ಗೆ ನಿಜವಾದ ಶತ್ರು ಟಾಪ್‌ನಿಂದ ಸೋರುವ ನೀರು. ಬೆಳಗಾವಿ, ಖಾನಾಪುರದ ಕಡೆ ಮಳೆ ಹಿಡಿದರೆ ಬಿಡುವ ಮಳೆಯಲ್ಲ. ವೆಂಟ್ ಸುತ್ತ, ಸೋಲಾರ್ ಸ್ಕ್ರೂ ಸುತ್ತ ಸೀಲಂಟ್ ಬಿರುಕು ಬಿಟ್ಟರೆ ನೀರು ಒಳಗೆ ಇಳಿದು ಪ್ಲೈವುಡ್ ಉಬ್ಬುತ್ತದೆ. ಕಣ್ಣಿಗೆ ಬೀಳುವಷ್ಟರಲ್ಲಿ ಹಾಸಿಗೆ ಕೆಳಗಿನ ಹಲಗೆ ಮೆತ್ತಗಾಗಿರುತ್ತದೆ. ಬಿಲ್ಡರ್ ಪ್ಲಾನ್‌ನಲ್ಲಿ ಸೀಲಂಟ್ ಮತ್ತು ಸೋರಿಕೆಯಿಂದ ಆದ ಹಾನಿ ಹೊರಗಿತ್ತು. 76,700 ರೂಪಾಯಿ ಕೊಟ್ಟ ಮೇಲೂ ಮೇ ತಿಂಗಳಲ್ಲಿ ಟಾಪ್ ಹತ್ತಿ ಹಳೇ ಸೀಲಂಟ್ ಕೆರೆದು ಹೊಸ ಪಿಯು (ಪಾಲಿಯುರೆಥೇನ್) ಸೀಲಂಟ್ ಹಾಕುವವನು ನಾನೇ.

ಹಾಗಾಗಿ ಅದು ಬೇಡ ಅಂದೆ. ಅಷ್ಟೇ ದುಡ್ಡನ್ನು ಬ್ಯಾಂಕಿನಲ್ಲಿ ಬೇರೆ ಎಫ್‌ಡಿ ಮಾಡಿ ಇಟ್ಟೆ, ಗಾಡಿಯ ಮನೆ ಭಾಗಕ್ಕೆ ಮಾತ್ರ. ಬಿಲ್ಡರ್ ಹತ್ತಿರ ಒಂದು ಕೆಲಸ ಮಾತ್ರ ಪಟ್ಟು ಹಿಡಿದು ಮಾಡಿಸಿಕೊಂಡೆ. ಫ್ರಿಜ್, ಇನ್ವರ್ಟರ್, ಬ್ಯಾಟರಿ, ಸೋಲಾರ್, ಎಸಿ, ಒಂದೊಂದಕ್ಕೂ ತಯಾರಿಸಿದ ಕಂಪನಿಯದೇ ವಾರಂಟಿ ಇರುತ್ತದೆ. ಸೋಲಾರ್ ಪ್ಯಾನೆಲ್‌ಗೆ ಕರೆಂಟ್ ಉತ್ಪಾದನೆಯ ವಾರಂಟಿ ಸಾಮಾನ್ಯವಾಗಿ 25 ವರ್ಷ. ಆದರೆ ಬಿಲ್ ಇರೋದು ಬಿಲ್ಡರ್ ಹೆಸರಿನಲ್ಲಿ. ಬಿಲ್‌ಗಳ ಪ್ರತಿ, ಸೀರಿಯಲ್ ನಂಬರ್, ಸಹಿ-ಸೀಲ್ ಹಾಕಿದ ಪತ್ರ ತಗೊಂಡು ಎಲ್ಲವನ್ನೂ ನನ್ನ ಹೆಸರಿಗೆ ರಿಜಿಸ್ಟರ್ ಮಾಡಿಸಿದೆ. ಗಾಡಿ ಡೆಲಿವರಿ ತಗೊಳ್ಳುವ ದಿನವೇ ಕೇಳಿದರೆ ಇನ್ನೂ ಸುಲಭ. ಆವತ್ತು ಬಾಕಿ ದುಡ್ಡು ನಿಮ್ಮ ಕೈಯಲ್ಲಿರುತ್ತದೆ.

ನಾಳೆ ಟಾಪ್ ಎಸಿ ಕಂಪ್ರೆಸರ್ ಹೋದರೆ ಎಫ್‌ಡಿಯಲ್ಲಿ ದೊಡ್ಡ ತೂತು ಬೀಳುತ್ತದೆ, ಗೊತ್ತಿದೆ. ಆ ರಿಸ್ಕ್ ನಾನು ಹೊರಬಲ್ಲೆ. ಬೆಂಗಳೂರಿನಲ್ಲೇ ಇದ್ದು ವರ್ಕ್‌ಶಾಪ್ ಹತ್ತಿರವಿರುವವರಿಗೆ, ಮೀಟರ್ ಹಿಡಿದು ಗೊತ್ತಿಲ್ಲದವರಿಗೆ ಲೆಕ್ಕ ಬೇರೆ ಬರಬಹುದು. ಬಾಡಿಗೆಗೆ ಬಿಡುವವರು ಮಾತ್ರ ಪ್ಲಾನ್ ಸ್ವಂತ ಬಳಕೆಗೆ ಮಾತ್ರವಾ ಅಂತ ಮೊದಲು ನೋಡಿ. ಹಾಗಿದ್ದರೆ ಕಟ್ಟಿದ ದುಡ್ಡು ನೀರಿಗೆ ಹಾಕಿದಂತೆ.

ಎರಡೂ ಪ್ಲಾನ್‌ಗಳ ಕೊನೆಯಲ್ಲಿ, ತಕರಾರು ಬಂದರೆ ಅವರ ಊರಿನ ಕೋರ್ಟಿಗೇ ಬರಬೇಕು ಅನ್ನುವ ಸಾಲಿತ್ತು. ಅದನ್ನು ಓದಿ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ನೀವು ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ತೊಂದರೆ ಆದ ಎರಡು ವರ್ಷದೊಳಗೆ ಕೊಡಬೇಕು. ಸರ್ವೀಸ್ ಬಿಲ್ಲು, ಶೋರೂಮಿನ ಇಮೇಲ್, ಬಿಲ್ಡರ್ ಪತ್ರ ಎಲ್ಲ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ. ಗಾಡಿ ಮಾರುವಾಗಲೂ ಅದೇ ಫೈಲ್ ಬೇಕು. ನಮ್ಮ ಪ್ಲಾನ್ ಹೊಸ ಮಾಲೀಕರ ಹೆಸರಿಗೆ ವರ್ಗವಾಗುತ್ತದೆ, ಆರ್‌ಸಿ ಬದಲಾದ ಕೂಡಲೇ ಶೋರೂಮಿಗೆ ತಿಳಿಸಿ ಹೆಸರು ಬದಲಿಸಿಕೊಳ್ಳಬೇಕು.