ವರ್ದಿಯಲ್ಲಿ ಸಿಕ್ಕ ಮುತ್ತಜ್ಜಿ, ಹೆಳವರು ಹೇಳಿದ ಊರು

ಮನೆತನದ ಹಿರಿಯರನ್ನು ಹುಡುಕಲು ಹೊರಟವರಿಗೆ ನಾನು ಹೇಳುವುದಿಷ್ಟೇ: ಹೆಸರು ಹಿಡಿದು ಹೋಗಬೇಡಿ, ಹೊಲದ ಸರ್ವೆ ನಂಬರ್ ಹಿಡಿದು ಹೋಗಿ. ಉತ್ತರ ಕರ್ನಾಟಕದ ನಮ್ಮಂಥ ಒಕ್ಕಲುತನದ ಮನೆಗಳಲ್ಲಿ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆ. ಒಂದೇ ಊರಲ್ಲಿ, ಒಂದೇ ಅಡ್ಡಹೆಸರಲ್ಲಿ, ಅದೇ ಹೆಸರಿನವರು ನಾಲ್ಕು ಮಂದಿ ಸಿಗುತ್ತಾರೆ. ಹೊಲ ಮಾತ್ರ ಇದ್ದಲ್ಲೇ ಇರುತ್ತದೆ.

ಈಗಿನ ಉತಾರದಿಂದ, ಅಂದರೆ ಪಹಣಿಯಿಂದ, ಶುರು ಮಾಡಿದೆ. ಕಂಪ್ಯೂಟರ್ ಪಹಣಿ 2000ದ ಆಸುಪಾಸಿಗೆ ನಿಂತುಬಿಡುತ್ತದೆ. ಅದಕ್ಕೂ ಹಿಂದಿನದಕ್ಕೆ ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು ಕೈಬರಹದ ಪಹಣಿ ತೆಗೆಸಿದೆ. ಅದರಲ್ಲಿ ಖಾತೆದಾರನ ಹೆಸರಿನ ಪಕ್ಕದ ವರ್ದಿ (ಖಾತೆ ಬದಲಾವಣೆಯ ದಾಖಲೆ) ನಂಬರನ್ನು ಬಿಡಬಾರದು. ಖಾತೆ ಯಾರಿಂದ ಯಾರಿಗೆ ಬಂತು, ವಾರಸದಿಂದಲೋ ವಾಟ್ನಿಯಿಂದಲೋ (ಆಸ್ತಿ ಪಾಲಿನಿಂದಲೋ) ಎಂಬುದೆಲ್ಲ ಆ ವರ್ದಿಯಲ್ಲಿರುತ್ತದೆ. ಮುಂಬಯಿ ಪ್ರಾಂತದಲ್ಲಿ ಹಕ್ಕುದಾಖಲೆಯ ಕಾನೂನು 1903ರಲ್ಲೇ ಬಂದಿದ್ದು ನಮ್ಮ ಭಾಗದವರ ಪುಣ್ಯ.

ಮುತ್ತಜ್ಜನ ವಾರಸಾ ವರ್ದಿ ಸಿಕ್ಕಿದ್ದು 1919ರ ಪುಸ್ತಕದಲ್ಲಿ. ಆ ಪುಟ ತುಂಬ ಬರೀ ಸಾವಿನ ವರ್ದಿಗಳು. ಹಿಂದಿನ ವರ್ಷದ ಇನ್‌ಫ್ಲುಯೆಂಜಾ ಮನೆಮನೆಯಿಂದಲೂ ಒಬ್ಬರನ್ನು ಒಯ್ದಿತ್ತು. ನಮ್ಮ ವರ್ದಿಯಲ್ಲಿ ವಾರಸುದಾರರೆಂದು ಇಬ್ಬರು ಗಂಡುಮಕ್ಕಳು, ಇಬ್ಬರೂ ಅಜ್ಞಾನರು, ಅಂದರೆ ವಯಸ್ಸಿಗೆ ಬಾರದವರು, ಅವರ ಪರವಾಗಿ ತಾಯಿ. ಕೆಳಗೆ ಎಡಗೈ ಹೆಬ್ಬೆಟ್ಟು, ಪಕ್ಕದಲ್ಲಿ ಬೇರೆಯವರ ಅಕ್ಷರದಲ್ಲಿ ಆಕೆಯ ಹೆಸರು. ಮನೆಯಲ್ಲಿ ಎಲ್ಲರೂ ಆಕೆಯನ್ನು ‘ಆಯಿ’ ಎಂದೇ ಕರೆದಿದ್ದರು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಆ ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದೆ. ಆಕೆಯ ಹೆಣ್ಣುಮಕ್ಕಳ ಹೆಸರು ಮಾತ್ರ ಅಲ್ಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮುಂಚಿನ ವರ್ದಿಗಳಲ್ಲಿ, ಗಂಡುಮಕ್ಕಳಿದ್ದರೆ, ಹೆಣ್ಣುಮಕ್ಕಳು ಕಾಣಿಸುವುದು ಅಪರೂಪ. ಈ ಸಂಕಟ ನನಗೆ ಇನ್ನೂ ಇದೆ.

ಕಾಗದ ಮುಗಿದ ಮೇಲೆ ಹೆಳವರು. ಸುಗ್ಗಿಯ ನಂತರ ಎತ್ತಿನೊಂದಿಗೆ ಊರೂರು ತಿರುಗಿ, ಒಕ್ಕಲು ಮನೆಗಳ ತಲೆಮಾರುಗಳನ್ನು ಹೇಳಿ ಕಾಳುಕಡಿ ಪಡೆಯುವವರು. ನಮ್ಮ ಮನೆತನದ ಹೆಳವರನ್ನು ಪಡಸಾಲೆಯಲ್ಲಿ ಕೂರಿಸಿ ಕೇಳಿದೆ. “ಧಾತು ಸಂವತ್ಸರದ ಬರದಾಗ ನಿಮ್ಮ ಹಿರ್ಯಾರು ಹೊಳಿ ದಾಟಿ ಈ ಊರಿಗಿ ಬಂದಾರ್ರೀ ಯಜಮಾನ್ರ,” ಎಂದು ಬಿಟ್ಟು ಬಂದ ಊರಿನ ಹೆಸರನ್ನೂ ಹೇಳಿದರು. ಧಾತು ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ: 1876, ಆಮೇಲೆ 1936. 1919ಕ್ಕೇ ನಮ್ಮವರು ಇಲ್ಲಿ ಖಾತೆದಾರರು. ಅಂದಮೇಲೆ ಅದು 1876-78ರ ದೊಡ್ಡ ಬರವೇ.

ಹೊಳೆಯಾಚೆಯ ಆ ಊರಿನ ಗೌಡರ ಮನೆಯಲ್ಲಿ ಹಳೆಯ ಕಾಗದಗಳಿವೆ, ಎಲ್ಲ ಮೋಡಿ ಲಿಪಿ, ಮರಾಠಿಯ ಹಳೆಯ ಕೂಡುಬರಹ. ಫೋಟೊ ತೆಗೆದು, ಮೋಡಿ ಬಲ್ಲ ಹಿರಿಯರೊಬ್ಬರಿಗೆ ಕಳಿಸುತ್ತಿದ್ದೇನೆ. ನಿಮ್ಮ ಮನೆಗೂ ಹೆಳವರು ಬರುತ್ತಿದ್ದರೆ ಈ ಸಲ ಪೂರ್ತಿ ಹೇಳಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಮ್ಮ ಹೆಳವರ ಮಗ ಆಗಲೇ ಬೇರೆ ಕೆಲಸ ಹಿಡಿದಿದ್ದಾನೆ.