ಜ್ವರಕ್ಕೆ ಇವತ್ತು ಎಷ್ಟನೇ ದಿನ?

ಕಾಸರಗೋಡಿನ ಬದಿಯಡ್ಕ ಕಡೆಯ ಜ್ವರ ಶಿಬಿರಗಳಿಗೆ ಲ್ಯಾಬ್ ಟೆಕ್ನಿಶಿಯನ್ ಆಗಿ ಹೋಗತೊಡಗಿದ ಮೊದಲ ಮಳೆಗಾಲದಲ್ಲಿ, ರಕ್ತದ ಹನಿ ಹಾಕಿ ನೋಡುವ ಡೆಂಗಿ ಕಾರ್ಡೆಂದರೆ ನನಗೆ ವೇದವಾಕ್ಯ. ಇಪ್ಪತ್ತು ನಿಮಿಷದೊಳಗೆ, ಕಾರ್ಡು ಸರಿಯಾಗಿ ಕೆಲಸ ಮಾಡಿದೆಯೆಂದು ತೋರಿಸುವ 'ಸಿ' ಗೆರೆ ಮಾತ್ರ ಮೂಡಿದರೆ ಡೆಂಗಿ ಇಲ್ಲ, 'ಟಿ' ಬಳಿಯೂ ಮೂಡಿದರೆ ಇದೆ. ಇಷ್ಟೇ ಲೆಕ್ಕ.

ರಬ್ಬರ್ ಹಾಲು ತೆಗೆಯುವ ಅಕ್ಕನೊಬ್ಬರು ಬಂದರು. ಎನ್‌ಎಸ್1 ಕಾರ್ಡಿನಲ್ಲಿ ಒಂದೇ ಗೆರೆ. "ಡೆಂಗಿ ಅಲ್ಲ ಅಕ್ಕ" ಎಂದು ಕಳುಹಿಸಿಬಿಟ್ಟೆ. ಸಂಜೆ ವೈದ್ಯರು ಪಟ್ಟಿ ನೋಡಿ, "ಇವರಿಗೆ ಜ್ವರ ಎಷ್ಟನೇ ದಿನ?" ಎಂದರು. ನಾನು ಕೇಳಿರಲಿಲ್ಲ. ವಿಚಾರಿಸಿದರೆ, ಏಳನೆಯ ದಿನ! ಎನ್‌ಎಸ್1 ಎನ್ನುವುದು ವೈರಾಣು ರಕ್ತಕ್ಕೆ ಬಿಡುವ ಪ್ರೋಟೀನು. ಮೊದಲ ನಾಲ್ಕೈದು ದಿನ ಚೆನ್ನಾಗಿ ಸಿಗುತ್ತದೆ, ಆಮೇಲೆ ಕೈಕೊಡುತ್ತದೆ. ಆಗ ಹುಡುಕಬೇಕಾದದ್ದು ನಮ್ಮದೇ ದೇಹ ಕಟ್ಟುವ ಐಜಿಎಂ ಪ್ರತಿಕಾಯವನ್ನು. ಮರುದಿನ ಪ್ರಯೋಗಾಲಯದ ಎಲೈಸಾ ಎಂಬ ರಕ್ತಪರೀಕ್ಷೆಯಲ್ಲಿ ಅದೇ ಸಿಕ್ಕಿತು. ಒಂದು ಕಾರ್ಡಿನ ಮಾತು ಕೇಳಿ ಡೆಂಗಿ ಇಲ್ಲವೆನ್ನಬಾರದೆಂದು ಆ ದಿನ ಅರ್ಥವಾಯಿತು.

ಅಂದಿನಿಂದ ಸೂಜಿಗಿಂತ ಮೊದಲು ನನ್ನ ಕೈಗೆ ಬರುವುದು ಪೆನ್ನು. ಆದರೆ ನಮ್ಮ ಕಡೆ ಯಾರೂ ತಾರೀಕು ಹೇಳುವುದಿಲ್ಲ. "ಆಟಿ ಅಮಾವಾಸ್ಯೆಯ ಮರುದಿನ ಮೈಕೈ ನೋವು ಹಿಡಿಯಿತು" ಎನ್ನುತ್ತಾರೆ. ಕ್ಯಾಲೆಂಡರ್ ನೋಡಿ ಎಣಿಸುವ ಕೆಲಸ ನನ್ನದು.

ಇನ್ನೊಂದು ಪೆಟ್ಟನ್ನು ಕೊಟ್ಟದ್ದು ಮಳೆಯೇ. ಸಮಯ ಉಳಿಸುವ ಜಾಣತನದಲ್ಲಿ ಕಾರ್ಡಿನ ಹತ್ತು ಪೊಟ್ಟಣಗಳನ್ನು ಮೊದಲೇ ಒಡೆದಿಟ್ಟಿದ್ದೆ. ತೇವ ಹೀರಿದ ಮೂರು ಕಾರ್ಡುಗಳಲ್ಲಿ 'ಸಿ' ಗೆರೆಯೇ ಬರಲಿಲ್ಲ. 'ಸಿ' ಬಾರದ ಕಾರ್ಡು ಇದ್ದೂ ಇಲ್ಲದ ಹಾಗೆ. ಮೂವರಿಗೆ ಮತ್ತೆ ಚುಚ್ಚಬೇಕಾಯಿತು, ಒಬ್ಬ ಅಜ್ಜನ ಬೈಗುಳವೂ ಸಿಕ್ಕಿತು. ನ್ಯಾಯವಾದದ್ದೇ. ಈಗ ರೋಗಿ ಕುರ್ಚಿಯಲ್ಲಿ ಕೂತ ಮೇಲೆಯೇ ಪೊಟ್ಟಣ ಹರಿಯುತ್ತೇನೆ.

ಅವಧಿಯೊಳಗೆ ಮೂಡಿದ 'ಟಿ' ಗೆರೆ ಎಷ್ಟು ಮಸುಕಾಗಿದ್ದರೂ ಗೆರೆಯೇ. ಅವಧಿ ಮುಗಿದ ಮೇಲೆ ಮೂಡಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕರೆಂಟು ಹೋದರೆ ಮೊಬೈಲ್ ಬೆಳಕೇ ಗತಿ.

ಕಾಯುವ ಇಪ್ಪತ್ತು ನಿಮಿಷ ಸುಮ್ಮನೆ ಕೂರುವುದಿಲ್ಲ. ಮನೆಗೇ ಹೋಗಿ ಪರೀಕ್ಷೆ ಮಾಡುವಾಗ ಮನೆಯವರನ್ನೇ ಕರೆದುಕೊಂಡು ತೋಟಕ್ಕಿಳಿಯುತ್ತೇನೆ. ಬಿದ್ದ ಅಡಿಕೆ ಹಾಳೆಯಲ್ಲಿ, ರಬ್ಬರ್ ಮರದ ಗೆರಟೆಯಲ್ಲಿ ನಿಂತ ನೀರಲ್ಲಿ ಬಾಲ ಕುಣಿಸುವ ಸೊಳ್ಳೆಯ ಮರಿಹುಳುಗಳನ್ನು ತೋರಿಸಿ, ಅವರ ಕೈಯಿಂದಲೇ ಆ ನೀರನ್ನು ಕವುಚಿಸುತ್ತೇನೆ.

ಮುಂದಿನ ವರ್ಷ ಅದೇ ಅಕ್ಕ ಮಗನಿಗೆ ಜ್ವರವೆಂದು ಫೋನ್ ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ, "ಇವತ್ತಿಗೆ ಮೂರನೇ ದಿನ. ಯಾವ ಕಾರ್ಡು ತರುತ್ತೀರಿ?" ಎಂದರು.